ಎಂಜಿನಿಯರಿಂಗ್ ವಿನ್ಯಾಸದಲ್ಲಿ ಕಂಪ್ಯೂಟರ್: ನಕ್ಷೆಯಿಂದ ಯಂತ್ರದವರೆಗೆ

ಪುಣೆಯ ಭೋಸರಿ, ಚಾಕಣ ಕಡೆ ಕೆಲಸಕ್ಕೆ ಹೋಗುವ ಕನ್ನಡಿಗರಿಗೆ ಸಿ.ಎನ್.ಸಿ. ಎಂಬ ಮಾತು ಹೊಸದಲ್ಲ. ಬೆಳಗಾವಿಯ ಉದ್ಯಮಬಾಗದಿಂದ ಬಂದವರಿಗಂತೂ ಅದು ಊರಿನಲ್ಲೇ ಕಿವಿಗೆ ಬಿದ್ದ ಮಾತು. ಮನೆಯಲ್ಲಿ ಐ.ಟಿ.ಐ. ಅಥವಾ ಡಿಪ್ಲೊಮಾ ಓದುವ ಮಕ್ಕಳಿದ್ದರೆ ‘ಕ್ಯಾಡ್ ಕೋರ್ಸಿಗೆ ಸೇರಲಾ?’ ಎಂಬ ಪ್ರಶ್ನೆಯೂ ನಿಮ್ಮ ಮುಂದೆ ಬಂದಿರುತ್ತದೆ. ಈ ಕ್ಯಾಡ್, ಕ್ಯಾಮ್ ಎಂದರೇನು, ಅವು ನಮಗಾಗಿ ಏನು ಮಾಡುತ್ತವೆ, ಯಾವ ಕೆಲಸವನ್ನು ನಮ್ಮ ಪಾಲಿಗೇ ಬಿಡುತ್ತವೆ ಎಂಬುದನ್ನು ಇಂದು ನೋಡೋಣ.

ಹಿಂದೆ ಒಂದು ಬಿಡಿಭಾಗ ತಯಾರಾಗಬೇಕಾದರೆ ಡ್ರಾಫ್ಟ್ಸ್‌ಮನ್ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು, ಅದು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಹೇಗೆ ಕಾಣುತ್ತದೆಂದು ಬರೆಯುತ್ತಿದ್ದರು. ಟರ್ನರ್ ಆ ಮೂರು ನೋಟಗಳನ್ನು ತಲೆಯಲ್ಲೇ ಒಂದುಗೂಡಿಸಿಕೊಂಡು ಲೇತ್‌ನ ಹಿಡಿ ತಿರುಗಿಸುತ್ತಿದ್ದರು. ಒಂದು ತೂತಿನ ಜಾಗ ಬದಲಾದರೂ ಹಾಳೆಯನ್ನು ಬ್ಲೇಡಿನಿಂದ ಕೆರೆದು ತಿದ್ದಬೇಕಾಗಿತ್ತು.

ಯಾಂತ್ರಿಕ ನಿಯಂತ್ರಣ ಮೊದಲು ಬಂದದ್ದು ನಕ್ಷೆಗಲ್ಲ, ಯಂತ್ರಕ್ಕೆ. 1952ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ, ತೂತು ಹೊಡೆದ ಪಟ್ಟಿಯ ಆದೇಶದಂತೆ ತಾನೇ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದರು. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ನಕ್ಷೆ ಬರೆಯುವ ‘ಸ್ಕೆಚ್‌ಪ್ಯಾಡ್’ ಅನ್ನು ಐವಾನ್ ಸದರ್‌ಲ್ಯಾಂಡ್ ಅದೇ ಸಂಸ್ಥೆಯಲ್ಲಿ ರೂಪಿಸಿದ್ದು 1963ರಲ್ಲಿ. 1982ರಲ್ಲಿ ಆಟೋಕ್ಯಾಡ್ ಬಂದ ಮೇಲೆ ಈ ವಿದ್ಯೆ ಚಿಕ್ಕ ಕಚೇರಿಗಳ ಮೇಜಿಗೂ ಇಳಿಯಿತು.

ಈಗಿನ ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದು ಕ್ಯಾಡ್, ಅಂದರೆ ವಿನ್ಯಾಸ. ಇಲ್ಲಿ ಗೆರೆಗಳ ಬದಲು ಬಿಡಿಭಾಗದ ಪೂರ್ಣ ಆಕಾರವೇ ಪರದೆಯ ಮೇಲಿರುತ್ತದೆ. ಒಂದು ಅಳತೆ ಬದಲಿಸಿದರೆ ಅದನ್ನು ಅವಲಂಬಿಸಿದ ಬೇರೆ ಅಳತೆಗಳೂ ಬದಲಾಗುತ್ತವೆ. ಎರಡನೆಯದು ಪರೀಕ್ಷೆ. ಕಂಪ್ಯೂಟರ್ ಆ ಆಕಾರವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಂಗಡಿಸಿ, ಭಾರ ಹೇರಿದರೆ ಎಲ್ಲಿ ಬಾಗುತ್ತದೆ, ಎಲ್ಲಿ ಬಿರುಕು ಬಿಡಬಹುದು ಎಂದು ಲೆಕ್ಕ ಹಾಕುತ್ತದೆ. ಮೂರನೆಯದು ಕ್ಯಾಮ್, ಅಂದರೆ ತಯಾರಿಕೆ. ಕತ್ತರಿಸುವ ಟೂಲ್ ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಹೋಗಬೇಕೆಂಬ ಆದೇಶಗಳು ಇಲ್ಲಿ ಸಿದ್ಧವಾಗುತ್ತವೆ. ಜಿ-ಸೊನ್ನೆ-ಒಂದು ಎಂದರೆ ನೇರ ಗೆರೆಯಲ್ಲಿ ಕತ್ತರಿಸು, ಜಿ-ಸೊನ್ನೆ-ಎರಡು ಎಂದರೆ ಗಡಿಯಾರದ ಮುಳ್ಳಿನಂತೆ ಬಳಸಿ ಹೋಗು. ಇದೇ ಯಂತ್ರದ ಭಾಷೆ.

ಇದರ ಶಕ್ತಿ ಎಷ್ಟೆಂಬುದಕ್ಕೆ ಒಂದು ನಿದರ್ಶನ, 1994ರಲ್ಲಿ ಮೊದಲು ಹಾರಿದ ಬೋಯಿಂಗ್ 777. ಇಡೀ ವಿಮಾನವನ್ನು ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿ, ಒಂದು ಭಾಗ ಇನ್ನೊಂದಕ್ಕೆ ಅಡ್ಡ ಬರುತ್ತದೆಯೇ ಎಂದು ಪರದೆಯ ಮೇಲೆಯೇ ನೋಡಿಕೊಂಡಿದ್ದರು.

ಆದರೆ ಇನ್ನೊಂದು ವಿಮಾನದ ಕಥೆಯನ್ನೂ ಕೇಳಬೇಕು. ಏರ್‌ಬಸ್ ಎ380 ಎರಡು ಅಂತಸ್ತಿನ ದೈತ್ಯ ವಿಮಾನ. ಅದರ ಒಡಲಿನಲ್ಲಿ ಸುಮಾರು 530 ಕಿಲೋಮೀಟರ್ ವಿದ್ಯುತ್ ತಂತಿ. ಜರ್ಮನಿಯ ಹ್ಯಾಂಬರ್ಗಿನಲ್ಲಿ ತಯಾರಾದ ಭಾಗಗಳನ್ನು ಫ್ರಾನ್ಸಿನ ಟುಲೂಸ್‌ಗೆ ತಂದು ಜೋಡಿಸಬೇಕಿತ್ತು. ಅಲ್ಲಿ ಕೆಲಸಗಾರರು ತಂತಿಗಳನ್ನು ಎಳೆದು ನೋಡಿದರೆ ಕೆಲವು ಮುಟ್ಟಬೇಕಾದ ಜಾಗವನ್ನು ಮುಟ್ಟಲೇ ಇಲ್ಲ! ಕಾರಣ, ಜರ್ಮನಿಯ ತಂಡ ಕ್ಯಾಟಿಯಾ ಎಂಬ ತಂತ್ರಾಂಶದ ನಾಲ್ಕನೆಯ ಆವೃತ್ತಿಯನ್ನು ಬಳಸುತ್ತಿತ್ತು, ಫ್ರಾನ್ಸಿನ ತಂಡ ಐದನೆಯದನ್ನು. ಹೆಸರು ಒಂದೇ ಆದರೂ ಇವೆರಡರ ನಡುವೆ ನಕ್ಷೆಗಳು ಸರಿಯಾಗಿ ದಾಟಿ ಬರುತ್ತಿರಲಿಲ್ಲ. ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆಗೆ ಪೂರ್ತಿಯಾಗಿ ತಲುಪುತ್ತಿರಲಿಲ್ಲ. 2006ರಲ್ಲಿ ಮೊದಲ ಗಿರಾಕಿಯ ಕೈಸೇರಬೇಕಿದ್ದ ವಿಮಾನ ಸೇರಿದ್ದು 2007ರ ಅಕ್ಟೋಬರಿನಲ್ಲಿ. ಕಂಪನಿಗೆ ನೂರಾರು ಕೋಟಿ ಯೂರೋ ಪೆಟ್ಟು ಬಿತ್ತು.

ಗಮನಿಸಿ, ಲೆಕ್ಕದಲ್ಲಿ ಹಿಂದೆ ಬಿದ್ದದ್ದು ಕಂಪ್ಯೂಟರ್ ಅಲ್ಲ. ತಾವೆಲ್ಲರೂ ಒಂದೇ ನಕ್ಷೆಯನ್ನು ನೋಡುತ್ತಿದ್ದೇವೆಂದು ಜನ ನಂಬಿಬಿಟ್ಟಿದ್ದರು. ಕಾಗದದ ಮೇಲಿನ ತಪ್ಪು ಒಂದು ಹಾಳೆಯಲ್ಲಿ ಉಳಿಯುತ್ತಿತ್ತು. ಕಂಪ್ಯೂಟರಿನ ತಪ್ಪು ಸದ್ದಿಲ್ಲದೆ ಕಾರ್ಖಾನೆಯವರೆಗೂ ಹೋಗುತ್ತದೆ. ಕೊನೆಗೆ ಅದು ಸಿಕ್ಕಿಬಿದ್ದದ್ದು ತಂತಿಯನ್ನು ಹಿಡಿದ ಕೆಲಸಗಾರನ ಕೈಯಲ್ಲಿ.

ದೊಡ್ಡ ವಿಮಾನ ಹಾಗಿರಲಿ, ನಮ್ಮ ಪಕ್ಕದ ವರ್ಕ್‌ಶಾಪಿಗೇ ಬನ್ನಿ. ಬೇರಿಂಗ್ ಕೂರಿಸಲು 25 ಮಿಲಿಮೀಟರಿನ ಒಂದು ಶಾಫ್ಟ್ ಬೇಕು ಎಂದುಕೊಳ್ಳಿ. ಪರದೆಯ ಮೇಲೆ ಅದು ಕರಾರುವಾಕ್ಕಾಗಿ 25. ಆದರೆ ಬೇರಿಂಗ್ ಬಿಗಿಯಾಗಿ ಕೂರಬೇಕಾದರೆ ಶಾಫ್ಟ್ ತುಸು ದಪ್ಪವಿರಬೇಕು. ಇದಕ್ಕೆ ಬಳಸುವ ಕೆ-6 ಎಂಬ ಅಳತೆಯಲ್ಲಿ ಅದು 2ರಿಂದ 15 ಮೈಕ್ರಾನ್ ಹೆಚ್ಚಿರಬೇಕು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ! ಈ ಬಿಗಿ ಬೇಕೇ, ಸಡಿಲ ಬೇಕೇ ಎಂದು ತೀರ್ಮಾನಿಸುವವರು ವಿನ್ಯಾಸಕಾರರು. ಇನ್ನು ಯಂತ್ರದ ಬಳಿ, ಒಂದೊಂದು ಶಾಫ್ಟ್ ಕತ್ತರಿಸಿದಂತೆಲ್ಲ ಟೂಲ್ ಸವೆಯುತ್ತದೆ, ಶಾಫ್ಟ್ ದಪ್ಪವಾಗುತ್ತಾ ಹೋಗುತ್ತದೆ. ಮೈಕ್ರೋಮೀಟರ್ ಹಿಡಿದು ಅಳೆದು, ಯಂತ್ರದಲ್ಲಿ ಆಫ್‌ಸೆಟ್ ತಿದ್ದುವವರು ಆಪರೇಟರ್. ಅಳೆದು ತಾನೇ ತಿದ್ದಿಕೊಳ್ಳುವ ಯಂತ್ರಗಳೂ ಬಂದಿವೆ, ನಿಜ. ಆದರೆ ಸಣ್ಣ ವರ್ಕ್‌ಶಾಪುಗಳಲ್ಲಿ ಈ ಕೆಲಸ ಬಹುಪಾಲು ಮನುಷ್ಯರದೇ.

ಆದ್ದರಿಂದ ಕ್ಯಾಡ್ ಕಲಿಯಲು ಹೊರಟ ಯುವಕ ಯುವತಿಯರಿಗೆ ಒಂದು ಮಾತು. ತಂತ್ರಾಂಶದ ಬಟನ್‌ಗಳನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಅದರ ಜೊತೆಗೆ ಕೆಲವು ದಿನವಾದರೂ ಯಂತ್ರದ ಪಕ್ಕ ನಿಲ್ಲಿ. ನೀವು ಬರೆದ ಮೂಲೆಯೊಳಕ್ಕೆ ಟೂಲ್ ಹೋಗುತ್ತದೆಯೇ, ಆ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಜಾಗವಿದೆಯೇ ಎಂದು ನೋಡಿ. ಕೋರ್ಸ್ ಆರಿಸುವಾಗ ತಂದೆತಾಯಿಗಳು ಶುಲ್ಕದ ಜೊತೆಗೆ ‘ಇಲ್ಲಿ ವರ್ಕ್‌ಶಾಪ್ ಇದೆಯೇ?’ ಎಂದೂ ವಿಚಾರಿಸಿ. ಇಪ್ಪತ್ತು ವರ್ಷ ಲೇತ್ ನಡೆಸಿದ ಹಿರಿಯರಿಗೂ ಒಂದು ಮಾತು. ಕಂಪ್ಯೂಟರ್ ಬಂತೆಂದು ಹಿಂಜರಿಯಬೇಡಿ. ಲೋಹದ ಗುಣ, ಕತ್ತರಿಸುವ ಸದ್ದಿನಲ್ಲಾಗುವ ವ್ಯತ್ಯಾಸ ನಿಮಗೆ ಆಗಲೇ ಗೊತ್ತು. ಅದಕ್ಕೆ ನಾಲ್ಕು ಆದೇಶಗಳ ಭಾಷೆ ಸೇರಿಸಿಕೊಂಡರೆ ನಿಮ್ಮ ಅನುಭವಕ್ಕೆ ಬೆಲೆ ಇನ್ನೂ ಹೆಚ್ಚು.

ನಕ್ಷೆ ಬರೆಯುವವರು ಮತ್ತು ಯಂತ್ರ ನಡೆಸುವವರು ದಿನಕ್ಕೊಮ್ಮೆ ಎದುರುಬದುರು ನಿಂತು ಮಾತಾಡುವ ಕಾರ್ಖಾನೆಯಲ್ಲಿ ತಂತಿ ಗಿಡ್ಡವಾಗುವ ಭಯ ಕಡಿಮೆ.