ಹಳೆಯ ಅಭ್ಯಾಸ, ಹೊಸ ಮನೆ: ಬೀಳದಂತೆ ನಡೆಯಲು ಕಲಿಯೋಣ

ಬಿಪಿ, ಶುಗರ್ ಪರೀಕ್ಷೆಯ ನಡುವೆ ಐದು ನಿಮಿಷ ಇನ್ನೊಂದು ವಿಷಯ ಮಾತಾಡೋಣ: ಬೀಳುವುದು. ಅಮೆರಿಕದಲ್ಲಿ 65 ದಾಟಿದ ನಾಲ್ವರಲ್ಲಿ ಒಬ್ಬರು ಪ್ರತಿ ವರ್ಷ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಮಕ್ಕಳ ಮನೆಗೆ ಬಂದ ಸಂತೋಷವೆಲ್ಲ ಆಸ್ಪತ್ರೆಯಲ್ಲೇ ಕಳೆಯುತ್ತದೆ.

"ಊರಲ್ಲಿ ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಿ, ನನಗೇನಾಗುತ್ತೆ ಡಾಕ್ಟ್ರೇ?" ಎಂದು ನೀವು ಕೇಳಬಹುದು. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ದೇಹ ಯಾವ ಕೆಲಸ ಅಭ್ಯಾಸ ಮಾಡುತ್ತದೋ ಅದನ್ನೇ ಚೆನ್ನಾಗಿ ಕಲಿಯುತ್ತದೆ.

ಆಟದಲ್ಲಿ ಇದನ್ನು ಸುಲಭವಾಗಿ ನೋಡಬಹುದು. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದದ್ದು ನಿಮಗೆ ನೆನಪಿರಬಹುದು. ಶಟಲ್ ಮಣಿಕಟ್ಟಿನ ಆಟ. ಶಟಲ್ ಆಡುವವರು ಟೆನಿಸ್ ರ‍್ಯಾಕೆಟ್ ಹಿಡಿದರೆ ಓಟ, ಕಣ್ಣಿನ ಅಂದಾಜು ಸಹಾಯಕ್ಕೆ ಬರುತ್ತವೆ. ಟೆನಿಸ್ ಸರ್ವ್ ಹೊಸದಾಗಿ ಕಲಿಯಬೇಕು. ಮಣಿಕಟ್ಟು ತಿರುಗಿಸುವ ಚಾಳಿ ಮಾತ್ರ ಅಡ್ಡಿಯಾಗುತ್ತದೆ. ಅಂದರೆ ಹಳೆಯ ವಿದ್ಯೆ ಕೆಲವೆಡೆ ನೆರವು, ಕೆಲವೆಡೆ ಸಾಲದು, ಕೆಲವೆಡೆ ತೊಂದರೆ. ನಿಮ್ಮ ದಿನಚರಿಯಲ್ಲೂ ಈ ಮೂರೂ ಇವೆ.

ತೊಂದರೆ ಕೊಡುವುದು: ಊರಲ್ಲಿ ರಸ್ತೆ ದಾಟುವಾಗ ಕತ್ತು ತಾನಾಗಿ ಮೊದಲು ಬಲಕ್ಕೆ ತಿರುಗುತ್ತದೆ. ಇಲ್ಲಿ ಕಾರು ಮೊದಲು ಎಡದಿಂದ ಬರುತ್ತದೆ. ಕೆಂಪು ದೀಪವಿದ್ದರೂ ಹಲವೆಡೆ ಕಾರು ನಿಂತು ಬಲಕ್ಕೆ ತಿರುಗಬಹುದು. ಆಗ ಚಾಲಕರ ಕಣ್ಣು ಎಡಕ್ಕಿರುತ್ತದೆ, ನಿಮ್ಮ ಮೇಲಲ್ಲ. ನಿಂತು, "ಎಡ, ಬಲ, ಮತ್ತೆ ಎಡ" ಎಂದು ಬಾಯಿಬಿಟ್ಟು ಹೇಳಿ ದಾಟಿ. ರಾತ್ರಿ ನಿದ್ದೆಗಣ್ಣಲ್ಲಿ ಎದ್ದಾಗಲೂ ಅಷ್ಟೇ: ಕಾಲು ಊರಿನ ಮನೆಯ ಬಚ್ಚಲಿನ ದಿಕ್ಕಿಗೆ ಹೊರಡುತ್ತದೆ, ಆ ದಿಕ್ಕಿನಲ್ಲಿ ಇಲ್ಲಿ ಮೆಟ್ಟಿಲಿರಬಹುದು. ಹಗಲಲ್ಲಿ ಹಾಸಿಗೆಯಿಂದ ಬಾತ್‌ರೂಮಿಗೆ ನಾಲ್ಕೈದು ಸಲ ನಡೆದು ನೋಡಿ. ರಾತ್ರಿ ಸಣ್ಣ ದೀಪ ಉರಿಯಲಿ.

ಹೊಸದಾಗಿ ಕಲಿಯಬೇಕಾದದ್ದು: ಬಾತ್‌ಟಬ್. ಅಷ್ಟೆತ್ತರದ ಅಂಚು ದಾಟುವುದು ನಡಿಗೆಯಲ್ಲ, ಒಂಟಿಕಾಲಿನ ಕೆಲಸ. ಟಬ್ ಒಣಗಿದ್ದಾಗ, ಬಟ್ಟೆ ತೊಟ್ಟೇ, ಮಗ ಅಥವಾ ಮಗಳು ಪಕ್ಕದಲ್ಲಿರುವಾಗ ಹತ್ತುವುದು ಇಳಿಯುವುದು ಅಭ್ಯಾಸ ಮಾಡಿ. ಟವೆಲ್ ಹಾಕುವ ಕಂಬಿ ನಿಮ್ಮ ಭಾರ ತಡೆಯದು, ಹಿಡಿಗಂಬಿ ಹಾಕಿಸಿ.

ನೆರವಾಗುವುದು: ನೆಲದ ಮೇಲೆ ಕೂತು ಏಳುವ ರೂಢಿ. ಆರು ತಿಂಗಳು ಸೋಫಾದಲ್ಲೇ ಕಳೆದರೆ ಅದೂ ಕೈಬಿಡುತ್ತದೆ. ಮಂಡಿ ಒಪ್ಪಿದರೆ ಪೂಜೆಗೆ ನೆಲದಲ್ಲೇ ಕೂರಿ. ಒಪ್ಪದಿದ್ದರೆ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು ದಿನಕ್ಕೆ ಹತ್ತು ಸಲ ಮಾಡಿ. ಅಡುಗೆಮನೆಯ ಕಟ್ಟೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದಿಟ್ಟು ಹತ್ತು ಎಣಿಸಿ.

2019ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಪರಿಶೀಲನೆಯಲ್ಲಿ, ಇಂಥ ಸಮತೋಲನದ ವ್ಯಾಯಾಮದಿಂದ ಬೀಳುವ ಪ್ರಸಂಗಗಳು ಸುಮಾರು ಕಾಲು ಭಾಗ ಕಡಿಮೆಯಾದದ್ದು ಕಂಡಿತು. ಬರೀ ವಾಕಿಂಗ್‌ನಿಂದ ಅಂಥ ಲಾಭ ಖಚಿತವಾಗಲಿಲ್ಲ.

"ಈ ವಯಸ್ಸಲ್ಲಿ ಏನು ಕಲಿಯೋದು?" ಎನ್ನಬೇಡಿ. 2008ರಲ್ಲಿ ಜರ್ಮನಿಯಲ್ಲಿ 60ರ ಆಸುಪಾಸಿನವರಿಗೆ ಮೂರು ಚೆಂಡುಗಳನ್ನು ಎಸೆದು ಹಿಡಿಯುವ ಆಟ ಕಲಿಸಿದರು. ಯುವಕರಷ್ಟು ಚೆನ್ನಾಗಿ ಬರಲಿಲ್ಲ, ಆದರೂ ಕಲಿತರು. ಅವರ ಮಿದುಳಿನಲ್ಲೂ ಬದಲಾವಣೆ ಕಾಣಿಸಿತು. ಒಂದೇ ದಿನ ಹೆಚ್ಚು ಮಾಡಬೇಡಿ, ದಿನಾ ಸ್ವಲ್ಪ ಮಾಡಿ.

ಎದ್ದಾಗ ತಲೆ ಸುತ್ತುವವರು, ಈಚೆಗೆ ಬಿದ್ದವರು, ನಿದ್ದೆಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮೊದಲು ನಮ್ಮನ್ನು ಕಾಣಿ. ಬಿದ್ದದ್ದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಮಾತ್ರೆಗಳ ಚೀಟಿ ತಂದಿದ್ದರೆ ಈಗಲೇ ತೋರಿಸಿ.