ದಾರಿಯ ಹಕ್ಕು ಮತ್ತು ನಮ್ಮ ಫ್ಲೆಕ್ಸ್‌ಗಳು

(ಗುಲ್ವಾಡಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



ಹಝ್ರತ್ ಅಬೂ ಸಈದ್ ಅಲ್ ಖುದ್ರೀ(ರ) ವರದಿ ಮಾಡಿರುವ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಒಂದು ಹದೀಸ್ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ದಾರಿಗಳಲ್ಲಿ ಕುಳಿತುಕೊಳ್ಳಬೇಡಿ ಎಂದು ಪ್ರವಾದಿವರ್ಯರು(ಸ) ಸಹಾಬಿಗಳಿಗೆ ಹೇಳಿದರು. ನಮಗೆ ಕುಳಿತು ಮಾತಾಡಲು ಬೇರೆ ಜಾಗವಿಲ್ಲವಲ್ಲ ಎಂದು ಅವರು ಅರಿಕೆ ಮಾಡಿಕೊಂಡರು. ಹಾಗಿದ್ದರೆ ದಾರಿಗೆ ಅದರ ಹಕ್ಕನ್ನು ಕೊಡಿ ಎಂದರು. ಏನು ಆ ಹಕ್ಕು ಎಂದು ಕೇಳಿದಾಗ ಹೇಳಿದ್ದು ಇವು: ದೃಷ್ಟಿ ತಗ್ಗಿಸುವುದು, ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು.

ನೆರೆಯವನ ಹಕ್ಕು, ಅನಾಥನ ಹಕ್ಕು, ತಂದೆತಾಯಿಯ ಹಕ್ಕು ನಮಗೆ ಗೊತ್ತು. ದಾರಿಗೂ ಹಕ್ಕಿದೆ ಎಂಬುದನ್ನು ನಾವು ಮದ್ರಸದಲ್ಲಿ ಬಾಯಿಪಾಠ ಮಾಡಿ ಮರೆತುಬಿಟ್ಟಿದ್ದೇವೆ. ಇಂದು ನಾನು ಮಾತಾಡುವುದು ಮನೆಗಳ ನಡುವಿನ ರಸ್ತೆಗಳಲ್ಲಿ, ತಿರುವುಗಳಲ್ಲಿ, ಲೈಟ್ ಕಂಬಗಳಲ್ಲಿ ಅನುಮತಿಯಿಲ್ಲದೆ ಎದ್ದು ನಿಲ್ಲುವ ಫ್ಲೆಕ್ಸ್, ಬ್ಯಾನರ್, ಕಟೌಟ್‌ಗಳ ಬಗ್ಗೆ. ಜುಮಾದಲ್ಲಿ ಹೇಳುವ ವಿಷಯವೇ ಇದು ಎಂದು ಯಾರಿಗಾದರೂ ಅನಿಸಿದರೆ, ಮೊದಲು ನನ್ನದೇ ಒಂದು ಪ್ರಸಂಗ ಕೇಳಿ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಊರಿನಲ್ಲಿ ಖತೀಬನಾಗಿದ್ದೆ. ಹಜ್ಜಿನಿಂದ ಮರಳುವವರಿಗೆ ಸ್ವಾಗತ ಕೋರಿ ಹುಡುಗರು ರಸ್ತೆಯ ತಿರುವಿನಲ್ಲೇ ಫ್ಲೆಕ್ಸ್ ಕಟ್ಟಿದರು. ಮೇಲೆ ಕಅಬಾದ ಚಿತ್ರ, ನಡುವೆ ಹಾಜಿಗಳು, ಕೆಳಗಿನ ಸಾಲಿನಲ್ಲಿ ಕಮಿಟಿಯವರ ಜೊತೆ ನಾನು. ಬೇಡ ಎಂದು ನಾನು ಹೇಳಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೆ ಸಂತೋಷವೇ ಆಗಿತ್ತು. ಹಾಜಿಗಳು ಬಂದು ವಾರ ಕಳೆದರೂ ಅದು ಅಲ್ಲೇ ಇತ್ತು. ಒಂದು ಬೆಳಿಗ್ಗೆ ಮದ್ರಸದ ಒಬ್ಬ ಹುಡುಗಿ ಸೈಕಲ್ಲಿನಲ್ಲಿ ತಿರುವಿಗೆ ಬಂದಳು. ಆಚೆಯಿಂದ ಬರುತ್ತಿದ್ದ ಪಿಕಪ್ ಅವಳಿಗೆ ಕಾಣಲಿಲ್ಲ, ಅವನಿಗೆ ಅವಳು ಕಾಣಲಿಲ್ಲ. ಕೊನೇ ಗಳಿಗೆಯಲ್ಲಿ ಅವನು ಬ್ರೇಕ್ ಹಾಕಿದ, ಅವಳು ಚರಂಡಿಗೆ ಬಿದ್ದಳು. ಕೈ ಮುರಿಯಿತು, ಅಲ್ಲಾಹನ ಕೃಪೆಯಿಂದ ಅಷ್ಟಕ್ಕೇ ಹೋಯಿತು. ಮರುದಿನ ಅವಳ ಅಜ್ಜಿ ಮಸೀದಿಯ ಗೇಟಿನ ಬಳಿ ನನಗಾಗಿ ಕಾದು ನಿಂತಿದ್ದರು. ಬಯ್ಯಲಿಲ್ಲ. "ಆ ಫೋಟೋದಲ್ಲಿ ನೀವೂ ಇದ್ದಿರಿ ಅಲ್ವಾ ಉಸ್ತಾದರೇ" ಎಂದು ಹೇಳಿ ಹೋದರು.

ಅವತ್ತು ರಾತ್ರಿ ನಾನು ದರ್ಸ್‌ನ ದಿನಗಳಲ್ಲಿ ಓದಿದ ಕಿತಾಬನ್ನು ತೆರೆದೆ. ಇಮಾಮ್ ನವವಿ(ರ)ಯವರು ತೀರಿಕೊಂಡದ್ದು ಕ್ರಿ.ಶ. 1277ರಲ್ಲಿ. ಅವರ ಮಿನ್‌ಹಾಜ್‌ನಲ್ಲಿ ಸಾರ್ವಜನಿಕ ದಾರಿಯ ವಿಷಯ ಎಷ್ಟು ಸೂಕ್ಷ್ಮವಾಗಿ ಬಂದಿದೆಯೆಂದರೆ ಪಂಚಾಯಿತಿಯ ನಿಯಮ ಓದಿದ ಹಾಗಿರುತ್ತದೆ. ದಾರಿಹೋಕರಿಗೆ ತೊಂದರೆಯಾಗುವ ಯಾವುದನ್ನೂ ಅಲ್ಲಿ ಮಾಡುವಂತಿಲ್ಲ. ಮನೆಯ ಮಹಡಿಯ ಚಾಚು ದಾರಿಯ ಮೇಲೆ ಬಂದರೆ ಅದರಡಿಯಲ್ಲಿ ಮನುಷ್ಯ ತಲೆ ಬಗ್ಗಿಸದೆ ಹೋಗುವಂತಿರಬೇಕು. ಅದು ಕಾಫಿಲಾಗಳು ಹೋಗುವ ದಾರಿಯಾದರೆ, ಒಂಟೆಯ ಮೇಲಿನ ಅಂಬಾರಿ, ಅದರ ನೆರಳಿನ ಮರದ ಚೌಕಟ್ಟು ಸಮೇತ, ತಾಗದೆ ದಾಟುವಷ್ಟು ಎತ್ತರ ಬೇಕು. ವಿದ್ಯಾರ್ಥಿಗಳಾಗಿದ್ದಾಗ ನಾವು ಈ ಒಂಟೆಯ ಲೆಕ್ಕ ಓದಿ ನಗುತ್ತಿದ್ದೆವು. ಕರಾವಳಿಯಲ್ಲಿ ಎಲ್ಲಿಯ ಒಂಟೆ! ಆದರೆ ಆ ಇಮಾಮರು ತನ್ನ ಮನೆಯ ಚಾಚಿಗಿಂತ ಮೊದಲು ಯಾರೋ ಅಪರಿಚಿತ ಪ್ರಯಾಣಿಕನ ತಲೆಯ ಬಗ್ಗೆ ಯೋಚಿಸಿದ್ದರು.

ಇನ್ನೂ ಇದೆ. ದಾರಿಯಲ್ಲಿ ಕಟ್ಟೆ ಕಟ್ಟುವುದು, ಗಿಡ ನೆಡುವುದು ಹರಾಮ್ ಎನ್ನುತ್ತಾರೆ. ತೊಂದರೆಯಾಗದಿದ್ದರೆ ಪರವಾಗಿಲ್ಲ ಎಂಬ ಅಭಿಪ್ರಾಯವೂ ಇದೆ ಎಂದು ಹೇಳುತ್ತಾರೆ, ಆದರೆ ಅದನ್ನು ದುರ್ಬಲ ಅಭಿಪ್ರಾಯವಾಗಿ ಹೇಳುತ್ತಾರೆ. ಗಿಡ ನೆಡುವುದು ಸದಕಾ ಎಂದು ನಾವೇ ಕಲಿಸುತ್ತೇವೆ, ಆದರೂ ದಾರಿಯ ನಡುವೆ ಬೇಡ. ಶರಹ್‌ಗಳು ಕಾರಣ ಕೊಡುತ್ತವೆ: ಜನ ಹೆಚ್ಚಾದಾಗ ಇಕ್ಕಟ್ಟಾಗುತ್ತದೆ, ಕಾಲ ಕಳೆದಂತೆ ಆ ಜಾಗ ಅವನದೇ ಎಂಬಂತಾಗಿ ದಾರಿಯೆಂಬ ಗುರುತೇ ಅಳಿಯುತ್ತದೆ. ಮತ್ತೊಂದು ಮಾತು, ದಾರಿಯ ಮೇಲಿನ ಚಾಚಿಗೆ ಹಣ ಕೊಟ್ಟು ರಾಜಿ ಮಾಡಿಕೊಳ್ಳುವುದೂ ಕೂಡದು. ಯಾರದೋ ಕೈಗೆ ಐನೂರು ರೂಪಾಯಿ ಇಟ್ಟು ಕಂಬಕ್ಕೆ ಬ್ಯಾನರ್ ಕಟ್ಟುವವರು ಇದನ್ನು ಕೇಳಿಸಿಕೊಳ್ಳಬೇಕು.

ಮಾಡಿನ ನೀರು ದಾರಿಗೆ ಸುರಿಯುವ ದಂಬೆಯ ವಿಷಯವೂ ಅಲ್ಲಿದೆ. ಅದನ್ನು ಹಾಕಬಹುದು, ಅನುಮತಿ ಇದೆ. ಆದರೂ ಅದು ಬಿದ್ದು ಏನಾದರೂ ಹಾಳಾದರೆ ಹಾಕಿದವನೇ ಪರಿಹಾರ ಕೊಡಬೇಕು ಎಂಬುದು ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಅನುಮತಿ ಇರುವುದಕ್ಕೇ ಹೀಗಿದ್ದರೆ ಅನುಮತಿ ಇಲ್ಲದ್ದಕ್ಕೆ ಏನು? ಮೇಲಿಂದ ಬೀಳುವುದಕ್ಕೂ ದಾರಿ ಮರೆಮಾಡುವುದಕ್ಕೂ ವ್ಯತ್ಯಾಸವಿದೆ ಎನ್ನಬಹುದು, ಆ ಚರ್ಚೆ ಉಲಮಾಗಳಿಗಿರಲಿ. ಆ ಹುಡುಗಿಯ ಆಸ್ಪತ್ರೆ ಖರ್ಚಿನಲ್ಲಿ ನನ್ನ ಪಾಲೂ ಇದೆ ಎಂದು ನನ್ನ ಮನಸ್ಸಿಗೆ ಅಂದು ಸಂಶಯ ಉಳಿಯಲಿಲ್ಲ.

ಬೀಳುವ ಮಾತು ಬಂತು. 2019ರ ಸೆಪ್ಟೆಂಬರ್ 12ರಂದು ಚೆನ್ನೈನಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ 23 ವರ್ಷದ ಯುವತಿಯ ಮೇಲೆ ರಸ್ತೆಯ ಮಧ್ಯದಲ್ಲಿದ್ದ ಬ್ಯಾನರ್ ಬಿತ್ತು. ಆಯತಪ್ಪಿದ ಆಕೆಯ ಮೇಲೆ ಹಿಂದಿನಿಂದ ಬಂದ ನೀರಿನ ಲಾರಿ ಹರಿಯಿತು. ಅದು ಒಂದು ಮದುವೆಯ ಬ್ಯಾನರ್ ಆಗಿತ್ತು. ನಮ್ಮ ರಾಜ್ಯದ್ದೇ ಬೇಕೆಂದರೆ, 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಾಗಿ ಮೂವರು ಯುವಕರು ಸತ್ತರು. ಅದೇ ವರ್ಷ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಗಾಳಿಗೆ ಹೋರ್ಡಿಂಗ್ ಒಂದು ಪೆಟ್ರೋಲ್ ಪಂಪಿನ ಮೇಲೆ ಕುಸಿದು 17 ಮಂದಿ ಮೃತಪಟ್ಟರು. 40 ಅಡಿಗೆ 40 ಅಡಿ ಮಿತಿ ಇದ್ದಲ್ಲಿ ಅದು 120 ಅಡಿಗೆ 120 ಅಡಿ ಇತ್ತು. ಅದು ದೊಡ್ಡ ವ್ಯಾಪಾರ, ನಮ್ಮದು ಎರಡು ಗೂಟ, ಒಂದು ಹಗ್ಗ ಎಂದು ಹೇಳಬೇಡಿ. ಜೂನ್ ತಿಂಗಳ ನಮ್ಮ ಗಾಳಿ ನಿಮಗೆ ಗೊತ್ತಿಲ್ಲವೇ?

ಕಾನೂನು ಸ್ಪಷ್ಟವಾಗಿದೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕರ್ನಾಟಕದ ಕಾಯ್ದೆ 1981ರದು. ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನು ರಾಜ್ಯ ಸರಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಬೆಂಗಳೂರಿನ ಪಾಲಿಕೆಯವರು ಕೆಲವೇ ದಿನಗಳಲ್ಲಿ ಸಾವಿರಾರು ಫ್ಲೆಕ್ಸ್ ಕಿತ್ತರು. ಆಮೇಲೆ ಅವು ಮತ್ತೆ ಬಂದವು.

ಇದನ್ನು ಹೇಳಿದಾಗಲೆಲ್ಲ ನಮ್ಮ ಹುಡುಗರು ಒಂದೇ ಪ್ರಶ್ನೆ ಕೇಳುತ್ತಾರೆ: "ಅವ್ರ್ ಹಾಕ್ಲಕ್ಕ್, ನಾವ್ ಹಾಕುಕಾಗ್ದಾ ಉಸ್ತಾದ್ರೇ?" ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಪಕ್ಷದವರ ಫ್ಲೆಕ್ಸ್ ತಿಂಗಳುಗಟ್ಟಲೆ ಇರುತ್ತದೆ, ನಮ್ಮದು ಎರಡೇ ದಿನಕ್ಕೆ ಹೋಗುತ್ತದೆ ಎಂಬ ದೂರಿನಲ್ಲಿ ಕೆಲವು ಕಡೆ ಸತ್ಯವಿದೆ. ನಿಯಮ ಎಲ್ಲರಿಗೂ ಒಂದೇ ಇರಲಿ ಎಂದು ಪಂಚಾಯಿತಿಗೆ ಅರ್ಜಿ ಕೊಡಿ, ಮೊದಲ ಸಹಿ ನಾನು ಹಾಕುತ್ತೇನೆ. ಆದರೆ ಅವರು ತೆಗೆಯುವವರೆಗೆ ನಾನೂ ತೆಗೆಯುವುದಿಲ್ಲ ಎಂಬುದಕ್ಕೆ ದೀನ್‌ನಲ್ಲಿ ಜಾಗವಿಲ್ಲ. ದಾರಿಯಿಂದ ಮುಳ್ಳಿನ ಕೊಂಬೆ ಸರಿಸಿದ ಒಬ್ಬನನ್ನು ಅಲ್ಲಾಹನು ಕ್ಷಮಿಸಿದ ಹದೀಸ್ ಇದೆಯಲ್ಲ, ಆ ಕೊಂಬೆ ಯಾರ ಮರದ್ದು ಎಂದು ಅವನು ವಿಚಾರಿಸಿದನೆಂದು ಅದರಲ್ಲಿಲ್ಲ.

ಫ್ಲೆಕ್ಸ್ ಈಗ ಬರೀ ಜಾಹೀರಾತಾಗಿ ಉಳಿದಿಲ್ಲ, ಈ ಬೀದಿ ನಮ್ಮದು ಎಂದು ಹೇಳುವ ಬೇಲಿಯಾಗಿದೆ. 2022ರ ಆಗಸ್ಟ್ 15ರಂದು ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಒಂದು ಫ್ಲೆಕ್ಸ್‌ನಿಂದ ಶುರುವಾದದ್ದು ಚಾಕು ಇರಿತ, ನಿಷೇಧಾಜ್ಞೆಯವರೆಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ದಾವಣಗೆರೆಯ ಒಂದು ಬಡಾವಣೆಯಲ್ಲಿ ಕಲ್ಲು ತೂರಾಟವಾದದ್ದು ನಮ್ಮ ಪ್ರೀತಿಯ ಪ್ರವಾದಿ(ಸ)ಯವರ ಹೆಸರಿದ್ದ ಫ್ಲೆಕ್ಸ್ ವಿಷಯದಲ್ಲಿ. ತಪ್ಪು ಯಾರದು ಎಂದು ಇಲ್ಲಿ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಯಾವ ಹೆಸರನ್ನು ಕೇಳಿದರೆ ನಾವು ಸಲಾತ್ ಹೇಳುತ್ತೇವೆಯೋ ಆ ಹೆಸರನ್ನು ಗಾಳಿ, ಮಳೆ, ಕಲ್ಲುಗಳ ಎದುರಿಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬರುವುದು ಪ್ರೀತಿಯೇ ಎಂದು ಕೇಳುತ್ತಿದ್ದೇನೆ. ಮೀಲಾದ್ ಕಳೆದ ಮೇಲೆ ಆ ಫ್ಲೆಕ್ಸ್‌ಗಳು ಎಲ್ಲಿ ಹೋಗುತ್ತವೆ, ನೋಡಿದ್ದೀರಾ? ನಾನು ನೋಡಿದ್ದೇನೆ. ಕಟ್ಟಿಗೆ ರಾಶಿಯ ಮೇಲೆ, ಬಚ್ಚಲಿನ ಮರೆಗೆ, ಮಳೆಯ ಇರಚಲು ತಡೆಯಲು ಕೊಟ್ಟಿಗೆಗೆ. ಒಮ್ಮೆ ಹಸಿರು ಗುಂಬಜ್ ಇದ್ದ ತುಂಡೊಂದು ಚರಂಡಿಯಲ್ಲಿತ್ತು. ಇಳಿದು ತೆಗೆದೆ. ಅದನ್ನು ಸುಡಲೂ ಆಗುವುದಿಲ್ಲ, ಹೊಗೆ ವಿಷ. ಹೂಳಿದರೂ ಕೊಳೆಯುವುದಿಲ್ಲ.

ಹಾಜಿಗಳ ಬಗ್ಗೆಯೂ ಒಂದು ಮಾತು. ಎರಡು ಹೊಲಿಗೆಯಿಲ್ಲದ ಬಿಳಿ ಬಟ್ಟೆಯಲ್ಲಿ, ಯಾರು ಶ್ರೀಮಂತ ಯಾರು ಬಡವ ಎಂದು ಗೊತ್ತಾಗದಂತೆ ನಿಂತು ಬಂದವರನ್ನು ನಾವು ರಸ್ತೆಯಲ್ಲಿ ಎಂಟಡಿಯ ಮುಖ ಮಾಡಿ ನಿಲ್ಲಿಸುತ್ತೇವೆ. ಪಾಪ, ಎಷ್ಟೋ ಹಾಜಿಗಳಿಗೆ ಇದು ಇಷ್ಟವೂ ಇರುವುದಿಲ್ಲ.

ಹಾಗಾದರೆ ಎಲ್ಲವೂ ಬೇಡವೇ? ಅಂಗಡಿಯವರು ಸ್ವಂತ ಗೋಡೆಯ ಮೇಲೆ ಬೋರ್ಡ್ ಹಾಕಲಿ, ಅದು ಹೊಟ್ಟೆಪಾಡು. ಫ್ಲೆಕ್ಸ್ ಪ್ರಿಂಟಿಂಗ್‌ನಲ್ಲಿ ದುಡಿಯುವ ಹುಡುಗರು ನಮ್ಮಲ್ಲೂ ಇದ್ದಾರೆ, ಅವರು ಬಟ್ಟೆಯ ಬ್ಯಾನರ್, ಅಂಗಡಿ ಬೋರ್ಡ್‌ಗಳ ಕಡೆಗೆ ತಿರುಗಲಿ. ಕಾರ್ಯಕ್ರಮವಿದ್ದರೆ ಪಂಚಾಯಿತಿಯ ಅನುಮತಿ ಪಡೆದು, ತಿರುವು ಬಿಟ್ಟು, ಬಟ್ಟೆಯಲ್ಲಿ ಹಾಕಿ, ಮುಗಿದ ರಾತ್ರಿಯೇ ತೆಗೆಯಲಿ. ಅನುಮತಿ ಎಂದಾಗ ನೆನಪಾಯಿತು. ಮುಸ್ನದ್ ಅಹ್ಮದ್‌ನಲ್ಲಿ ಒಂದು ವರದಿ ಇದೆ, ಅದೂ ಒಂದು ಜುಮಾ ದಿನದ್ದು. ಹಝ್ರತ್ ಅಬ್ಬಾಸ್(ರ)ರ ಮನೆಯ ದಂಬೆಯಿಂದ ಕೋಳಿಮರಿಯ ರಕ್ತ ಬೆರೆತ ನೀರು ಮಸೀದಿಗೆ ಹೊರಟಿದ್ದ ಖಲೀಫಾ ಉಮರ್(ರ)ರ ಬಟ್ಟೆಯ ಮೇಲೆ ಸುರಿಯಿತು. ಅವರು ಅದನ್ನು ಕೀಳಿಸಿದರು, ಮನೆಗೆ ಹೋಗಿ ಬಟ್ಟೆ ಬದಲಿಸಿ ಬಂದು ನಮಾಝ್ ಮಾಡಿಸಿದರು. ಬಳಿಕ ಅಬ್ಬಾಸ್(ರ) ಬಂದು, ಅದನ್ನು ಅಲ್ಲಿಟ್ಟದ್ದು ಸ್ವತಃ ಅಲ್ಲಾಹನ ರಸೂಲರು(ಸ) ಎಂದರು. ನನ್ನ ಬೆನ್ನ ಮೇಲೆ ಹತ್ತಿ ಇದ್ದ ಜಾಗದಲ್ಲೇ ಇಡಿ ಎಂದು ಉಮರ್(ರ) ಆಣೆಯಿಟ್ಟು ಒತ್ತಾಯಿಸಿದರು, ಅವರು ಹಾಗೆಯೇ ಮಾಡಿದರು. ಪ್ರವಾದಿ(ಸ)ಯವರ ಚಿಕ್ಕಪ್ಪನ ಮನೆಯದ್ದೆಂದು ಖಲೀಫಾ ಸುಮ್ಮನಿರಲಿಲ್ಲ, ಅನುಮತಿ ಇತ್ತೆಂದು ತಿಳಿದಾಗ ಹಠ ಹಿಡಿಯಲೂ ಇಲ್ಲ.

ನಾಳೆ ಶನಿವಾರ ಸುಬಹಿ ನಮಾಝಿನ ಬಳಿಕ ನಾನು ಏಣಿ ಹಿಡಿದು ಹೊರಡುತ್ತೇನೆ, ಬರುವವರು ಕತ್ತಿ ತನ್ನಿ. ನಾವು ಕಟ್ಟಿದ್ದನ್ನು ಮಾತ್ರ ಬಿಚ್ಚುವುದು, ಬೇರೆ ಯಾರದ್ದನ್ನೂ ಮುಟ್ಟಬಾರದು. ತಂತಿಯ ಹತ್ತಿರ ಇರುವುದಕ್ಕೆ ಕೈ ಹಾಕಬೇಡಿ, ಮೆಸ್ಕಾಂನವರಿಗೆ ಹೇಳೋಣ. ಅಲ್ಲಾಹನ ಹೆಸರು, ರಸೂಲರ ಹೆಸರು ಇರುವ ಭಾಗವನ್ನು ಕತ್ತರಿಸಿ ನನ್ನ ಕೈಗೆ ಕೊಡಿ. ಚೌಕಟ್ಟಿನ ಮರದ ಪಟ್ಟಿಗಳನ್ನು ಮದ್ರಸದ ಹಿಂದೆ ಇಡಿ, ಮೂರನೇ ತರಗತಿಯ ಬೆಂಚಿಗೆ ಒಂದು ಕಾಲು ಬೇಕಾಗಿದೆ.