ಹೆಣ್ಣುಮಗಳ ಅಕ್ಷರವೂ ಮನೆತನದ ಸ್ಥಿತಿಯೂ



ಹನ್ನೆರಡನೆಯ ಶತಮಾನದಲ್ಲಿ ವಚನಗಳನ್ನು ರಚಿಸಿದ ಶರಣೆಯರ ಸಂಖ್ಯೆಯು ಮೂವತ್ತನ್ನು ಮೀರುತ್ತದೆ. ಅವರೆಲ್ಲರೂ ಸಿರಿವಂತರ ಮನೆಯವರಾಗಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರದು ಅಕ್ಕಿ ಆಯುವ ಮನೆತನ. ಕದಿರೆ ರೆಮ್ಮವ್ವೆಯವರದು ನೂಲುವ ಕಾಯಕ. ಕೊಟ್ಟಣದ ಸೋಮಮ್ಮನವರದು ಬತ್ತ ಕುಟ್ಟುವ ಕಾಯಕ. ಸೂಳೆ ಸಂಕವ್ವೆಯವರು ಲೋಕವು ಹೊರಗಿಟ್ಟ ವೃತ್ತಿಯಿಂದ ಬಂದವರು. ಕೈಗೆ ದುಡಿಮೆಯಿದ್ದ ಮಾತ್ರಕ್ಕೆ ಅವರ ಬಾಯಿಗೆ ಬೀಗ ಬೀಳಲಿಲ್ಲ.

ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆಗಳಲ್ಲಿ ಅಂಥದೇ ಕಾಯಕದ ತಾಯಂದಿರ ಪಾಡೇನು? 1951ರಲ್ಲಿ ಇಡೀ ದೇಶದ ಸ್ತ್ರೀಯರಲ್ಲಿ ನೂರಕ್ಕೆ ಒಂಬತ್ತು ಮಂದಿಯೂ ಅಕ್ಷರಸ್ಥರಿರಲಿಲ್ಲ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಸ್ತ್ರೀಯರಲ್ಲಿ ಸುಮಾರು 65 ಮಂದಿ ಅಕ್ಷರಸ್ಥರಾದರು. ಪುರುಷರಲ್ಲಿಯಾದರೋ ಸುಮಾರು 82 ಮಂದಿ. ಏರಿದ್ದು ಸಂತೋಷವೇ ಸರಿ. ಆದರೆ ನಡುವಿನ ಈ ಅಂತರವು ಯಾರ ಮನೆಯ ಹೆಣ್ಣುಮಕ್ಕಳದು ಎಂಬುದನ್ನು ವಿಚಾರಿಸಬೇಕು.

ನಿಪ್ಪಾಣಿಯನ್ನು ನೋಡಿರಿ. ಬೀಡಿ ಕಟ್ಟುವ ತಾಯಿಗೆ ಸಾವಿರದ ಲೆಕ್ಕದ ಮೇಲೆ ಕೂಲಿ. ಮಗಳ ಎಳೆಯ ಬೆರಳುಗಳು ಸೇರಿದರೆ ಮಾತ್ರ ಆ ಲೆಕ್ಕವು ಹೊತ್ತಿಗೆ ತುಂಬುತ್ತದೆ. ಕೆಟ್ಟವೆಂದು ತೆಗೆದೊಗೆದ ಬೀಡಿಗಳೆಷ್ಟು, ಪುಸ್ತಕದಲ್ಲಿ ಬರೆದ ಕೂಲಿಯೆಷ್ಟು ಎಂಬುದನ್ನು ಓದಲಾರದ ತಾಯಿಯು ಕೊಟ್ಟಷ್ಟನ್ನೇ ಎಣಿಸಿಕೊಂಡು ಬರಬೇಕು. ಆ ಕೊರತೆಯನ್ನು ತುಂಬಲು ಮಗಳೂ ಸಾಲೆ ಬಿಡಬೇಕು. ಹೀಗೆ ಒಬ್ಬಳ ನಿರಕ್ಷರತೆಯು ಇನ್ನೊಬ್ಬಳದಕ್ಕೆ ಬೀಜವಾಗುತ್ತದೆ. ಇದೇ ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರು ಸಂಘ ಕಟ್ಟಿ ಕೂಲಿಯ ನ್ಯಾಯ ಕೇಳಿದರು. ಅವರ ಹೋರಾಟವು 1982ರಲ್ಲಿ ಚಲನಚಿತ್ರವೂ ಆಯಿತು. ಅವರಿಗೆ ಬುದ್ಧಿಯಾಗಲಿ ಧೈರ್ಯವಾಗಲಿ ಕಡಿಮೆಯಿರಲಿಲ್ಲ. ಇಲ್ಲದ್ದು ಓದುವ ಬಿಡುವೊಂದೇ.

ಕೃಷ್ಣೆಯ ದಂಡೆಯ ಕಬ್ಬಿನ ಸೀಮೆಯಲ್ಲಿಯೂ ಹೀಗೆಯೇ. ಸುಗ್ಗಿಗೆಂದು ಪರಸ್ಥಳದಿಂದ ಬಂದು ಗುಡಿಸಲು ಹಾಕುವ ಕಬ್ಬು ಕಡಿಯುವವರ ಮಗಳು ತನ್ನೂರಿನ ಸಾಲೆಯನ್ನು ನಡುವರ್ಷದಲ್ಲಿಯೇ ಬಿಟ್ಟು ಬಂದಿರುತ್ತಾಳೆ. ಇಲ್ಲಿ ತಮ್ಮನನ್ನು ಆಡಿಸುವುದೇ ಅವಳ ಪಾಠ. ದೇವದಾಸಿಯ ಮಗಳಿಗೆ ತಂದೆಯ ಹೆಸರು ಕೇಳುವುದೇ ಮೊದಲ ಅವಮಾನ. ಮುಂಬಯಿ ಸರಕಾರದ 1934ರ ಕಾಯದೆಯೂ ಕರ್ನಾಟಕದ 1982ರ ಕಾಯದೆಯೂ ಮುತ್ತು ಕಟ್ಟುವುದನ್ನು ನಿಷೇಧಿಸಿದವು; ನೆರೆಯವರ ನಾಲಗೆಯನ್ನು ಯಾವ ಕಾಯದೆಯೂ ಕಟ್ಟಲಾರದು.

ಆದರೆ ಬಡತನವೊಂದನ್ನೇ ದೂರುವುದು ನ್ಯಾಯವಲ್ಲ. ಹತ್ತಾರು ಎಕರೆ ಕಬ್ಬುಳ್ಳ ಮನೆಗೆ ಬಿಡುವಿನ ಕೊರತೆಯೇ? ಅಲ್ಲಿ ಮಗನು ಪಟ್ಟಣದ ಸಾಲೆಗೆ ಶುಲ್ಕ ತೆತ್ತು ಹೋಗುತ್ತಾನೆ. ಮಗಳಿಗೆ ಊರಿನ ಸಾಲೆಯೇ ಸಾಕೆನ್ನುತ್ತಾರೆ. 2009ರ ಶಿಕ್ಷಣದ ಹಕ್ಕಿನ ಕಾಯದೆಯು ಹದಿನಾಲ್ಕನೆಯ ವಯಸ್ಸಿಗೆ ನಿಲ್ಲುತ್ತದೆ. ಅಲ್ಲಿಂದಲೇ ವರನ ಮಾತು ಆರಂಭವಾಗುತ್ತದೆ. ಬಡವರ ಮಗಳಿಗೆ ಬಿಡುವಿಲ್ಲ, ಉಳ್ಳವರ ಮಗಳಿಗೆ ಒಪ್ಪಿಗೆಯಿಲ್ಲ. ಒಂದನ್ನು ಕೂಲಿಯು ಕಸಿದರೆ ಇನ್ನೊಂದನ್ನು ಮರ್ಯಾದೆಯು ಕಸಿಯುತ್ತದೆ.

ಆದುದರಿಂದ ಔಷಧವೂ ಎರಡು ತೆರನಾಗಿರಬೇಕು. ಬಿಡುವಿಲ್ಲದವಳಿಗೆ ಅನ್ನ, ವಸತಿ, ಸಂಜೆಯ ಪಾಠಗಳು ಬೇಕು. ಮಠಗಳ ಪ್ರಸಾದನಿಲಯಗಳು ಗಂಡುಮಕ್ಕಳಿಗೆ ಮಾಡಿದ ಉಪಕಾರವನ್ನು ಕೂಲಿಕಾರರ ಹೆಣ್ಣುಮಕ್ಕಳಿಗೂ ಮಾಡಿದರೆ ಅದುವೇ ನಿಜವಾದ ದಾಸೋಹವು. ಒಪ್ಪಿಗೆಯಿಲ್ಲದವಳಿಗೆ ಬೇಕಾದುದು ಹಣವಲ್ಲ, ತಂದೆಯ ಒಂದು ಮಾತು. ಆ ಮಾತನ್ನು ಕೊಡಬೇಕಾದವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅಕ್ಕಮಹಾದೇವಿಯವರ ಭಾವಚಿತ್ರವನ್ನು ಪೂಜಿಸುವ ಮನೆಯಲ್ಲಿ ಮಗಳ ಪಾಟಿಯು ಅಟ್ಟವನ್ನು ಸೇರಿದ್ದರೆ ಆ ಪೂಜೆಯು ಪೂರ್ಣವಾಗಲಾರದು. ಅದನ್ನು ಇಂದೇ ಕೆಳಗಿಳಿಸಿರಿ.